‘ಓಕೆ’ ಅಂದರೂ ಪಾಸಲ್ಲ: ಕರ್ನಲ್ ಟೆಸ್ಟುಗಳು ಸ್ಕಿಪ್ ಆದಾಗ ಎಲ್ಲೆಲ್ಲಿ ನೋಡಬೇಕು

ಹೋದ ಮಳೆಗಾಲದಲ್ಲಿ ಒಂದು ರಾತ್ರಿ ಕಾರವಾರದ ಗೆಳೆಯ ಫೋನ್ ಮಾಡಿದ. ‘ಭಾವ, ಕರ್ನಲ್‌ನ ನೆಟ್ ಟೆಸ್ಟು ಪೂರ್ತಿ ಓಡಿಸಿದೆ. ಒಂದೂ ಫೇಲ್ ಇಲ್ಲ. ಚಾ ಕುಡಿದು ಬರುವಷ್ಟರಲ್ಲಿ ಮುಗಿದೇ ಹೋಗಿತ್ತು’ ಅಂದ. ಕರ್ನಲ್ ಅಂದರೆ ಲಿನಕ್ಸಿನ ತಿರುಳು, ನೆಟ್ ಟೆಸ್ಟು ಅಂದರೆ ಅದರ ನೆಟ್‌ವರ್ಕ್ ಭಾಗದ ಪರೀಕ್ಷೆಗಳು. ಫೇಲ್ ಇಲ್ಲ ಅನ್ನೋದು ಖುಷಿಯ ಮಾತೇ. ನನಗೆ ಅನುಮಾನ ಬಂದಿದ್ದು ಚಾದ ಮಾತಿಗೆ. ಆ ಫೋಲ್ಡರಿನ ಟೆಸ್ಟುಗಳು ಹಳೇ ಲ್ಯಾಪ್‌ಟಾಪಿನಲ್ಲಿ ಒಂದು ಚಾಕ್ಕೆ ಮುಗಿಯುವ ಜಾತಿಯವಲ್ಲ. ಲಾಗ್ ಕಳಿಸು ಅಂದೆ. ಇಲ್ಲಿ ಶಿರಸಿಯಲ್ಲಿ ಕರೆಂಟ್ ಇರಲಿಲ್ಲ, ಜಗಲಿಯಲ್ಲಿ ಕೂತು ಫೋನಿನಲ್ಲೇ ಓದಿದೆ. ಸಾಲು ಸಾಲು ‘ಓಕೆ’. ಆದರೆ ಮುಕ್ಕಾಲು ಪಾಲು ಸಾಲುಗಳ ಬಾಲದಲ್ಲಿ ‘# ಸ್ಕಿಪ್’ ಅಂತ ಇತ್ತು.

ಅಂದರೆ ಟೆಸ್ಟು ಓಡಿಯೇ ಇಲ್ಲ. ಅಡಿಕೆ ಚೀಲ ತಕ್ಕಡಿಗೇ ಏರಿಲ್ಲ, ಚೀಟಿಯಲ್ಲಿ ಮಾತ್ರ ತೂಕ ಸರಿ ಇದೆ ಅಂತ ಬರೆದ ಹಾಗಾಯ್ತು. ಅವನದ್ದೂ ತಪ್ಪಲ್ಲ. ಕರ್ನಲ್ ಜೊತೆಗೇ ಬರುವ ಟೆಸ್ಟುಗಳ ಗುಂಪಿನ ಹೆಸರು ಕೆಸೆಲ್ಫ್‌ಟೆಸ್ಟ್. ಕರ್ನಲ್‌ನ ಕೆಸೆಲ್ಫ್‌ಟೆಸ್ಟ್ ಫಲಿತಾಂಶ ಬರೆಯೋದು ಟ್ಯಾಪ್ ಅನ್ನೋ ಪದ್ಧತಿಯಲ್ಲಿ. ಆ ಪದ್ಧತಿಯಲ್ಲಿ ಸ್ಕಿಪ್ ಆದ ಸಾಲೂ ‘ಓಕೆ’ ಅಂತಲೇ ಶುರುವಾಗುತ್ತದೆ. ‘ನಾಟ್ ಓಕೆ’ ಎಷ್ಟಿದೆ ಅಂತ ಮಾತ್ರ ಎಣಿಸಿದರೆ ಎಲ್ಲ ಚೆನ್ನಾಗೇ ಕಾಣುತ್ತದೆ.

ಆಮೇಲೆ ಎರಡು ವಾರ ಅವನ ಯಂತ್ರದಲ್ಲೂ ನನ್ನದರಲ್ಲೂ ಒಂದೊಂದೇ ಸ್ಕಿಪ್ ಹಿಡಿದು ಹುಡುಕಿದ್ದರ ಲೆಕ್ಕ ಇದು. ಕಮಾಂಡು, ಫೈಲುಗಳ ಹೆಸರನ್ನು ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.

ಮೊದಲು ಜಾಗ್ರತೆಯ ಮಾತು

ಈ ಟೆಸ್ಟುಗಳಲ್ಲಿ ಬಹಳಷ್ಟಕ್ಕೆ ರೂಟ್ ಬೇಕು, ಅಂದರೆ ಯಂತ್ರದ ಮೇಲೆ ಪೂರ್ತಿ ಅಧಿಕಾರ. ರೂಟ್ ಕೊಟ್ಟ ಮೇಲೆ ಅವು ತಮಾಷೆ ಮಾಡುವುದಿಲ್ಲ. ಬ್ರೇಕ್‌ಪಾಯಿಂಟ್ಸ್ ಫೋಲ್ಡರಿನಲ್ಲಿ ಒಂದು ಟೆಸ್ಟು ಯಂತ್ರವನ್ನು ನಿಜವಾಗಿಯೂ ಸಸ್ಪೆಂಡ್ ಮಾಡಿ ಎಬ್ಬಿಸುತ್ತದೆ. ಎದ್ದೇಳದಿದ್ದರೆ ಪವರ್ ಬಟನ್ನೇ ಗತಿ. ಸಿಪಿಯು ಹಾಟ್‌ಪ್ಲಗ್ ಟೆಸ್ಟು ಕೋರ್ ಆಫ್ ಮಾಡಿ ಆನ್ ಮಾಡುತ್ತದೆ. ಮಾಮೂಲಾಗಿ ಅದು ಒಂದೇ ಸಿಪಿಯು ಮುಟ್ಟುವ ಸೇಫ್ ಮೋಡ್‌ನಲ್ಲಿ ಓಡುತ್ತದೆ, ಪೂರ್ತಿ ಓಡಿಸಲು ‘ರನ್_ಹಾಟ್‌ಪ್ಲಗ್’ ಅಂತ ಬೇರೆಯೇ ಟಾರ್ಗೆಟ್ ಇದೆ. ಕೆಲವು ಯಂತ್ರಗಳಲ್ಲಿ ಇದು ನೇತಾಡಿಕೊಂಡು ನಿಂತುಬಿಡಬಹುದು ಅಂತ ಕರ್ನಲ್ ದಾಖಲೆಯೇ ಹೇಳುತ್ತದೆ. ಬೇಕಂತಲೇ ಕರ್ನಲ್ ಕ್ರ್ಯಾಶ್ ಮಾಡಿಸುವ ಎಲ್‌ಕೆಡಿಟಿಎಂ ಟೆಸ್ಟುಗಳೂ ಇವೆ.

ಹಾಗಾಗಿ ದಿನದ ಕೆಲಸದ ಲ್ಯಾಪ್‌ಟಾಪಿನ ಮೇಲೆ ಸುಡೊ (ರೂಟ್ ಆಗಿ ಓಡಿಸುವ ಕಮಾಂಡು) ಹಾಕಿ ಎಲ್ಲವನ್ನೂ ಓಡಿಸಬೇಡಿ. ದೂರದ ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಹೋಗಿ ಅಂತೂ ಬೇಡವೇ ಬೇಡ. ವರ್ಚುವಲ್ ಮಷೀನ್ (ವಿಎಂ), ಅಂದರೆ ಯಂತ್ರದೊಳಗಿನ ನಕಲಿ ಯಂತ್ರ, ಸಾಕು. ವರ್ಟ್‌ಮಿ-ಎನ್‌ಜಿ ಅನ್ನೋ ಸಾಧನ ಈಗ ತಾನೇ ಕಟ್ಟಿದ ಕರ್ನಲ್ಲನ್ನು ಅಲ್ಲೇ ವಿಎಂನಲ್ಲಿ ಬೂಟ್ ಮಾಡಿಕೊಡುತ್ತದೆ, ಡಿಸ್ಕ್ ಇಮೇಜು ಮಾಡಿಕೊಳ್ಳುವ ತಲೆನೋವು ಇಲ್ಲ. ಇನ್ನು ನಮ್ಮ ಕಡೆಯವರಿಗೆ ಒಂದು ಮಾತು. ಮಳೆಗಾಲದಲ್ಲಿ ಇನ್ವರ್ಟರ್ ನಂಬಿಕೊಂಡು ಡೆಸ್ಕ್‌ಟಾಪಿನಲ್ಲಿ ಕರ್ನಲ್ ಇನ್‌ಸ್ಟಾಲ್ ಮಾಡಬೇಡಿ. ಅರ್ಧದಲ್ಲಿ ಕರೆಂಟ್ ಹೋಗಿ ಬೂಟ್ ಫೋಲ್ಡರು ಕೆಟ್ಟರೆ ಟೆಸ್ಟಿನ ಸ್ಕಿಪ್ಪಿಗಿಂತ ದೊಡ್ಡ ಕಥೆಯಾಗುತ್ತದೆ. ನನಗೆ ಆಗಿದೆ.

ನಾಲ್ಕು ಅನ್ನೋ ಸಂಖ್ಯೆ

ಕೆಸೆಲ್ಫ್‌ಟೆಸ್ಟಿನಲ್ಲಿ ಸ್ಕ್ರಿಪ್ಟು ಮುಗಿಯುವಾಗ ಒಂದು ಎಕ್ಸಿಟ್ ಕೋಡ್ ಬಿಟ್ಟು ಹೋಗುತ್ತದೆ. 0 ಅಂದರೆ ಪಾಸ್, 1 ಅಂದರೆ ಫೇಲ್, 4 ಅಂದರೆ ಸ್ಕಿಪ್. ಮಧ್ಯದ 2 ಮತ್ತು 3 ನಿರೀಕ್ಷಿತ ಫೇಲ್, ಅನಿರೀಕ್ಷಿತ ಪಾಸ್‌ಗೆ ಇಟ್ಟಿದ್ದು. ಶಾಲೆಯ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ಪರೀಕ್ಷೆಗೆ ಬರದ ಹುಡುಗ ಪಾಸೂ ಅಲ್ಲ, ಫೇಲೂ ಅಲ್ಲ, ಗೈರು. ಆ ಗೈರಿನ ಗುರುತೇ 4.

ಮೊದಲು ಈ ಶಿಸ್ತು ಇರಲಿಲ್ಲ. ಬೇಕಾದ್ದು ಸಿಗದಿದ್ದರೆ ಬಹಳ ಸ್ಕ್ರಿಪ್ಟುಗಳು 0 ಬಿಟ್ಟು ಹೋಗುತ್ತಿದ್ದವು, ಅದು ಪಾಸ್ ಲೆಕ್ಕಕ್ಕೆ ಬೀಳುತ್ತಿತ್ತು. 2018ರಲ್ಲಿ, ಕೆಸೆಲ್ಫ್‌ಟೆಸ್ಟ್ ನೋಡಿಕೊಳ್ಳುತ್ತಿದ್ದ ಶುವಾ ಖಾನ್ ಒಂದಾದ ಮೇಲೊಂದು ಫೋಲ್ಡರಿಗೆ ಪ್ಯಾಚ್ ಹಾಕಿ ಇದನ್ನು 4ಕ್ಕೆ ಬದಲಾಯಿಸಿದರು. ನಿಮ್ಮದು ಯಾವುದೋ ಬೋರ್ಡಿನ ಜೊತೆ ಬಂದ ಹಳೇ ಕರ್ನಲ್ ಮರ (ಸೋರ್ಸ್ ಫೋಲ್ಡರು) ಆಗಿದ್ದರೆ ಇದನ್ನು ನೆನಪಿನಲ್ಲಿಡಿ, ಅಲ್ಲಿಯ ‘ಪಾಸ್’ ಪೂರ್ತಿ ನಂಬುವಂಥದ್ದಲ್ಲ.

ಲಕ್ಷಣ: ಎಲ್ಲ ಓಕೆ, ಆದರೆ ತೀರಾ ಬೇಗ ಮುಗೀತು

ಪುಕ್ಕಟೆ ಪರೀಕ್ಷೆಯಿಂದ ಶುರು. ಲಾಗಿನಲ್ಲಿ ‘# ಸ್ಕಿಪ್’ ಇರುವ ಸಾಲು ಎಷ್ಟಿದೆ ಅಂತ ಗ್ರೆಪ್ ಹಾಕಿ ಎಣಿಸಿ. ಹತ್ತಕ್ಕೆ ಒಂಬತ್ತು ಸ್ಕಿಪ್ ಆಗಿದ್ದರೆ ಒಂದೊಂದಕ್ಕೂ ಬೇರೆ ಬೇರೆ ರೋಗ ಹುಡುಕಬೇಡಿ, ಎಲ್ಲಕ್ಕೂ ಸೇರಿ ಒಂದೇ ಕಾರಣ ಇರುತ್ತದೆ. ಹೆಚ್ಚಿನ ಸಲ ಅದು ರೂಟ್.

‘ಐಡಿ -ಯು’ ಅಂತ ಹೊಡೆಯಿರಿ. 0 ಬರದಿದ್ದರೆ ನೀವು ರೂಟ್ ಅಲ್ಲ. ಸುಮಾರು ಸ್ಕ್ರಿಪ್ಟುಗಳ ಮೊದಲ ಕೆಲಸವೇ ಇದನ್ನು ನೋಡಿ, ರೂಟ್ ಇಲ್ಲದಿದ್ದರೆ 4 ಕೊಟ್ಟು ಎದ್ದು ಹೋಗುವುದು. ಗೆಳೆಯನ ಕಥೆಯೂ ಅರ್ಧ ಇಷ್ಟೇ ಆಗಿತ್ತು.

ಡಾಕರ್ ಕಂಟೇನರ್ ಒಳಗಿದ್ದರೆ ಇನ್ನೊಂದು ಸೂಕ್ಷ್ಮ ಇದೆ. ಅಲ್ಲಿ ಐಡಿ 0 ತೋರಿಸುತ್ತದೆ, ಆದರೆ ನೆಟ್‌ವರ್ಕ್ ಮುಟ್ಟುವ ಅಧಿಕಾರ ಇರುವುದಿಲ್ಲ. ಹೆಸರಿಗೆ ಯಜಮಾನ, ಬೀಗದ ಕೈ ಬೇರೆಯವರ ಹತ್ತಿರ. ಮೇಲಾಗಿ ಕಂಟೇನರ್ ಓಡುವುದು ಹೊರಗಿನ ಯಂತ್ರದ ಕರ್ನಲ್ ಮೇಲೆ, ಹಾಗಾಗಿ ನೀವು ಕಟ್ಟಿದ ಕರ್ನಲ್ ಅಲ್ಲಿ ಪರೀಕ್ಷೆಗೆ ಕೂತೇ ಇಲ್ಲ. ಕರ್ನಲ್ ಟೆಸ್ಟಿಗೆ ಕಂಟೇನರ್ ಸರಿಯಾದ ಜಾಗವಲ್ಲ, ವಿಎಂಗೆ ಹೋಗಿ.

ಲಕ್ಷಣ: ಸ್ಕಿಪ್ ಪಕ್ಕ ಕಾರಣ ಬರೆದಿದೆ

ಇದು ಪುಣ್ಯವಂತ ಸ್ಕಿಪ್. ಅದು ಹೇಳಿದ ದಾರಿಯಲ್ಲೇ ಹೋಗಿ. ಆದರೆ ಹೇಳಿದ್ದೆಲ್ಲ ನಿಜ ಅಂದುಕೊಳ್ಳಬೇಡಿ.

‘ಐಪಿ ಸಾಧನ ಇಲ್ಲ’, ‘ಟಿಸಿ ಇಲ್ಲ’ ಅಂತ ಬಂದರೆ (ಎರಡೂ ನೆಟ್‌ವರ್ಕ್ ಹೊಂದಿಸುವ ಕಮಾಂಡುಗಳು) ಮೊದಲು ‘ಕಮಾಂಡ್ -ವಿ ಟಿಸಿ’ ಹೊಡೆದು ನೋಡಿ. ಡೆಬಿಯನ್‌ನಲ್ಲಿ ಟಿಸಿಯಂಥ ಸಾಧನಗಳು ಎಸ್‌ಬಿನ್ ಫೋಲ್ಡರಿನಲ್ಲಿ ಕೂತಿರುತ್ತವೆ, ಸಾಮಾನ್ಯ ಬಳಕೆದಾರನ ಪಾಥ್‌ನಲ್ಲಿ ಅದು ಇರುವುದಿಲ್ಲ. ಪಾಥ್ ಅಂದರೆ ಕಮಾಂಡು ಹುಡುಕುವ ಫೋಲ್ಡರುಗಳ ಪಟ್ಟಿ. ಇದರ ಉಲ್ಟಾ ಕೂಡ ಆಗುತ್ತದೆ. ನನ್ನ ಹತ್ತಿರ ಆಗಿದ್ದು ಅದೇ. ಐಪಿ, ಟಿಸಿ ಎರಡೂ ಇರುವ ಐಪಿರೌಟ್2 ಪ್ಯಾಕೇಜಿನ ಹೊಸದನ್ನು ಕಟ್ಟಿ ಮನೆ ಫೋಲ್ಡರಿನ ಬಿನ್‌ನಲ್ಲಿ ಹಾಕಿಕೊಂಡಿದ್ದೆ. ಕೈಯಲ್ಲಿ ಹೊಡೆದರೆ ಹೊಸ ಆವೃತ್ತಿ ತೋರಿಸುತ್ತದೆ, ಟೆಸ್ಟು ಮಾತ್ರ ‘ಐಪಿರೌಟ್2 ಹಳೇದು’ ಅಂತ ಸ್ಕಿಪ್ ಆಗುತ್ತದೆ. ಒಂದು ಸಂಜೆ ಪೂರ್ತಿ ಹೋಯ್ತು. ಸುಡೊ ತನ್ನದೇ ಪಾಥ್ ಇಟ್ಟುಕೊಳ್ಳುತ್ತದೆ, ನಮ್ಮ ಪಾಥ್ ಎಸೆದುಬಿಡುತ್ತದೆ ಅಂತ ಹೊಳೆದಿದ್ದು ಆಮೇಲೆ. ‘ಸುಡೊ’ ಸೇರಿಸಿಯೇ ಆವೃತ್ತಿ ಕೇಳಿ, ಆಗ ನಿಜ ಗೊತ್ತಾಗುತ್ತದೆ. ಐಪಿರೌಟ್2 ಆವೃತ್ತಿಯ ಸಂಖ್ಯೆ ಕರ್ನಲ್ ಸಂಖ್ಯೆಯ ಜೊತೆಗೇ ಹೋಗುತ್ತದೆ, ಹಾಗಾಗಿ ಹೋಲಿಸುವುದು ಸುಲಭ.

ಇನ್ನೊಂದು ತಮಾಷೆ. ಕೆಲವು ಸ್ಕ್ರಿಪ್ಟುಗಳು ಸಾಧನ ಇದೆಯಾ ಅಂತ ‘ವಿಚ್’ ಬಳಸಿ ಹುಡುಕುತ್ತವೆ. ಸಣ್ಣ ವಿಎಂ ಇಮೇಜುಗಳಲ್ಲಿ ವಿಚ್ ಅನ್ನೋದೇ ಇರುವುದಿಲ್ಲ! ಎಲ್ಲ ಸಾಧನ ಇದ್ದೂ ಎಲ್ಲವೂ ‘ಇಲ್ಲ’ ಆಗುತ್ತದೆ. ನೀವೇ ಬರೆಯುವುದಾದರೆ ‘ಕಮಾಂಡ್ -ವಿ’ ಬಳಸಿ, ಅದು ಶೆಲ್ಲಿನ (ನಾವು ಹೊಡೆದ ಕಮಾಂಡು ಓದಿ ಓಡಿಸುವ ಪ್ರೋಗ್ರಾಮು) ಒಳಗೇ ಇರುತ್ತದೆ.

ಮಾಡ್ಯೂಲ್ ಅಂದರೆ ಕರ್ನಲ್ಲಿಗೆ ಬೇಕಾದಾಗ ಸೇರಿಸುವ ತುಣುಕು. ‘ಮಾಡ್ಯೂಲ್ ಇಲ್ಲ’ ಅಂತ ಬಂದರೆ ‘ಯುನೇಮ್ -ಆರ್’ ನೋಡಿ, ಲಿಬ್ ಒಳಗಿನ ಮಾಡ್ಯೂಲ್ಸ್ ಫೋಲ್ಡರಿನಲ್ಲಿ ಅದೇ ಹೆಸರಿನ ಫೋಲ್ಡರು ಇದೆಯಾ ಅಂತ ನೋಡಿ. ಕರ್ನಲ್ ಕಟ್ಟಿದ್ದೀರಿ, ಆದರೆ ಮಾಡ್ಯೂಲ್ ಇನ್‌ಸ್ಟಾಲ್ ಮರೆತಿದ್ದೀರಿ. ಇಲ್ಲವೇ ಇನ್‌ಸ್ಟಾಲ್ ಆಗಿದೆ, ಬೂಟ್ ಆಗಿದ್ದು ಹಳೇದಕ್ಕೆ. ಎರಡೂ ದಿನನಿತ್ಯದ ತಪ್ಪುಗಳೇ.

ಅದೂ ಸರಿ ಇದ್ದರೆ ಕಾನ್ಫಿಗ್, ಅಂದರೆ ಕರ್ನಲ್ ಕಟ್ಟುವಾಗ ಆರಿಸಿದ ಆಯ್ಕೆಗಳ ಪಟ್ಟಿ. ಓಡುತ್ತಿರುವ ಕರ್ನಲ್ಲಿನ ಕಾನ್ಫಿಗ್ ಬೂಟ್ ಫೋಲ್ಡರಿನಲ್ಲಿ ಸಿಗುತ್ತದೆ. ಐಕೆಕಾನ್ಫಿಗ್ ಆಯ್ಕೆ ಹಾಕಿ ಕಟ್ಟಿದ್ದರೆ ಪ್ರಾಕ್ ಫೋಲ್ಡರಿನಲ್ಲಿ ಕಾನ್ಫಿಗ್ ಹೆಸರಿನ ಜೀಜಿಪ್ ಫೈಲಾಗಿಯೂ ಇರುತ್ತದೆ. ಸೆಲ್ಫ್‌ಟೆಸ್ಟ್ಸ್‌ನ ಬಹಳಷ್ಟು ಫೋಲ್ಡರುಗಳಲ್ಲಿ ಕಾನ್ಫಿಗ್ ಅಂತಲೇ ಒಂದು ಫೈಲು ಇದೆ, ಆ ಟೆಸ್ಟಿಗೆ ಏನೇನು ಬೇಕು ಅಂತ ಪಟ್ಟಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಎಲ್ಲ ಒಟ್ಟಿಗೆ ಸೇರಿಸಲು ‘ಮೇಕ್ ಕೆಸೆಲ್ಫ್‌ಟೆಸ್ಟ್-ಮರ್ಜ್’ ಇದೆ, ಆದರೆ ಅದು ನಿಮಗೆ ಬೇಡದ್ದನ್ನೂ ತಂದು ತುಂಬುತ್ತದೆ. ಹಳೇ ಯಂತ್ರದಲ್ಲಿ ಆ ಕರ್ನಲ್ ಕಟ್ಟಿ ಮುಗಿಯುವುದರೊಳಗೆ ದೇವಿಮನೆ ಘಟ್ಟ ಇಳಿದು ಕುಮಟೆಯಲ್ಲಿ ಊಟ ಮುಗಿಸಿ ವಾಪಸ್ ಬರಬಹುದು. ಬೇಕಾದ ಒಂದೆರಡು ಆಯ್ಕೆ ಕೈಯಲ್ಲೇ ಹಾಕಿಕೊಳ್ಳುವುದು ನನ್ನ ಪದ್ಧತಿ.

ಕೊನೆಗೆ ಹಾರ್ಡ್‌ವೇರ್. ಒಂದೇ ಸಿಪಿಯು ಕೊಟ್ಟ ವಿಎಂನಲ್ಲಿ ಹಾಟ್‌ಪ್ಲಗ್ ಟೆಸ್ಟು ಸ್ಕಿಪ್ ಆಗುವುದು ನ್ಯಾಯ. ಎರಡು ಕೊಟ್ಟು ನೋಡಿ. ಮೆಮೊರಿ ಟೆಸ್ಟುಗಳಿಗೆ ಹ್ಯೂಜ್ ಪೇಜ್ (ಮೆಮೊರಿಯ ದೊಡ್ಡ ತುಂಡು) ಮೊದಲೇ ತೆಗೆದಿಡಬೇಕು, ಅದು ‘ಎನ್‌ಆರ್_ಹ್ಯೂಜ್‌ಪೇಜಸ್’ ಫೈಲಿನಲ್ಲಿ ಇರುತ್ತದೆ. ಯಂತ್ರ ಬೂಟ್ ಆಗಿ ಬಹಳ ಹೊತ್ತಾಗಿದ್ದರೆ ನೀವು ಕೇಳಿದಷ್ಟು ಸಿಗದಿರಬಹುದು, ಮೆಮೊರಿ ಚೂರು ಚೂರಾಗಿರುತ್ತದೆ. ಬರೆದ ಮೇಲೆ ಅದೇ ಫೈಲನ್ನು ಮತ್ತೆ ಓದಿ, ಎಷ್ಟು ಸಿಕ್ಕಿದೆ ಅಂತ ನೋಡಿ.

ಲಕ್ಷಣ: ಸ್ಕಿಪ್ ಅಂತಿದೆ, ಕಾರಣ ಇಲ್ಲ

ಸಮ್ಮರಿ ಆಯ್ಕೆ ಹಾಕಿದ್ದರೆ ತೆಗೆಯಿರಿ, ಮಾತು ಅದರಡಿ ಮುಚ್ಚಿಹೋಗಿರಬಹುದು. ಆಮೇಲೆ ಆ ಫೋಲ್ಡರಿಗೇ ಹೋಗಿ ಸ್ಕ್ರಿಪ್ಟನ್ನು ನೇರವಾಗಿ ಓಡಿಸಿ, ಮುಗಿದ ಕೂಡಲೇ ‘ಎಕೋ $?’ ಹೊಡೆಯಿರಿ, ಎಕ್ಸಿಟ್ ಕೋಡ್ ತೋರಿಸುತ್ತದೆ. ಕೂಡಲೇ ಅಂದರೆ ಕೂಡಲೇ, ಮಧ್ಯೆ ಒಂದು ಎಲ್‌ಎಸ್ ಹೊಡೆದರೂ ಸಂಖ್ಯೆ ಬದಲಾಗುತ್ತದೆ. ಫೋಲ್ಡರ್ ಒಳಗಿಂದಲೇ ಓಡಿಸಬೇಕು ಅನ್ನುವುದಕ್ಕೂ ಕಾರಣ ಇದೆ. ಸ್ಕ್ರಿಪ್ಟುಗಳು ಪಕ್ಕದ ಫೈಲುಗಳನ್ನು ಅಲ್ಲಿಂದಲೇ ಎಳೆದುಕೊಳ್ಳುತ್ತವೆ.

4 ಬಂತು, ಮಾತಿಲ್ಲ ಅಂದರೆ ‘ಬ್ಯಾಷ್ -ಎಕ್ಸ್’ ಜೊತೆ ಓಡಿಸಿ. ಒಂದೊಂದು ಸಾಲೂ ಕಾಣುತ್ತದೆ, ಕೊನೆಯ ಐದಾರು ಸಾಲಿನಲ್ಲೇ ಉತ್ತರ ಇರುತ್ತದೆ. ಸಿಕ್ಕಿದ ಮೇಲೆ ದಯವಿಟ್ಟು ಆ ಜಾಗದಲ್ಲಿ ಒಂದು ಎಕೋ ಸಾಲು ಸೇರಿಸಿ ಪ್ಯಾಚ್ ಕಳಿಸಿ. ಕಾರಣ ಹೇಳದ ಸ್ಕಿಪ್ಪು ರಜೆ ಚೀಟಿ ಇಲ್ಲದ ಗೈರು. ಮುಂದಿನವನು ಮತ್ತೆ ಇದೇ ಸಂಜೆ ಕಳೆಯಬೇಕಾಗುತ್ತದೆ.

ಲಕ್ಷಣ: ಬಾಯಲ್ಲಿ ಸ್ಕಿಪ್, ಲೆಕ್ಕದಲ್ಲಿ ಪಾಸ್

ಇಲ್ಲಿ ನಿಧಾನ ಓದಿ. ಎಲ್ಲಕ್ಕಿಂತ ಅಪಾಯದ್ದು ಇದೇ, ಯಾಕಂದರೆ ಇದು ತೊಂದರೆ ಅಂತ ಯಾರಿಗೂ ಕಾಣುವುದಿಲ್ಲ. ಸ್ಕ್ರಿಪ್ಟು ‘ಸ್ಕಿಪ್: ಮಾಡ್ಯೂಲ್ ಇಲ್ಲ’ ಅಂತ ಬರೆಯುತ್ತದೆ, ಕೆಳಗೆ ಫಲಿತಾಂಶದ ಸಾಲು ಬರೀ ‘ಓಕೆ’, ಬಾಲವಿಲ್ಲ. ಅಂದರೆ ಎಕ್ಸಿಟ್ ಕೋಡ್ 4 ಆಗಬೇಕಿದ್ದದ್ದು ಎಲ್ಲೋ 0 ಆಗಿದೆ. ಎಲ್ಲಿ ಅಂತ ಹುಡುಕಬೇಕು.

ನಾನು ಮೊದಲು ನೋಡುವುದು ವೇರಿಯಬಲ್. ಸ್ಕ್ರಿಪ್ಟಿನಲ್ಲಿ ‘ಎಕ್ಸಿಟ್ $ಕೆಎಸ್‌ಎಫ್‌ಟಿ_ಸ್ಕಿಪ್’ ಅಂತ ಚೆಂದ ಬರೆದಿರುತ್ತದೆ. ಆದರೆ ಮೇಲೆ ಎಲ್ಲೂ ‘ಕೆಎಸ್‌ಎಫ್‌ಟಿ_ಸ್ಕಿಪ್=4’ ಅಂತ ಇಲ್ಲ, ಅಥವಾ ಒಂದು ಅಕ್ಷರ ತಪ್ಪಿದೆ, ಅಥವಾ ಅದನ್ನು ತರಬೇಕಿದ್ದ ಲೈಬ್ರರಿ ಫೈಲು ಲೋಡ್ ಆಗಿಲ್ಲ. ಆಗ ವೇರಿಯಬಲ್ ಖಾಲಿ. ಖಾಲಿ ಆದರೆ ಉಳಿಯುವುದು ಬರೀ ‘ಎಕ್ಸಿಟ್’. ಬರೀ ಎಕ್ಸಿಟ್ ಅಂದರೆ ಹಿಂದಿನ ಕಮಾಂಡಿನ ಫಲಿತಾಂಶವನ್ನೇ ಹೊತ್ತು ಹೊರಗೆ ಹೋಗು ಅಂತ. ಹಿಂದಿನ ಕಮಾಂಡು ಯಾವುದು? ‘ಸ್ಕಿಪ್’ ಅಂತ ಬರೆದ ಎಕೋ. ಎಕೋ ಯಾವತ್ತೂ ಗೆಲ್ಲುತ್ತದೆ. ಹಾಗಾಗಿ 0. ಸ್ಕಿಪ್ ಅಂತ ಕೂಗಿ ಹೇಳಿದ ಆ ಎಕೋ ದೆಸೆಯಿಂದಲೇ ಟೆಸ್ಟು ಪಾಸಾಯ್ತು! ಮೊದಲ ಸಲ ಇದನ್ನು ಕಂಡಾಗ ನಾನು ನಕ್ಕಿದ್ದೇ ನಕ್ಕಿದ್ದು. ಸ್ಕ್ರಿಪ್ಟಿನ ಮೇಲೆ ‘ಸೆಟ್ -ಯು’ ಹಾಕಿ ಓಡಿಸಿ, ಖಾಲಿ ವೇರಿಯಬಲ್ ಇದ್ದರೆ ಶೆಲ್ಲೇ ಹಿಡಿದುಕೊಡುತ್ತದೆ.

ಎರಡನೇದು ಪೈಪು, ಒಂದು ಕಮಾಂಡು ಬರೆದದ್ದನ್ನು ಇನ್ನೊಂದಕ್ಕೆ ದಾಟಿಸುವ ಚಿಹ್ನೆ. ಸ್ಕ್ರಿಪ್ಟಿನ ಒಳಗೆ ಪರಿಶೀಲನೆಯ ಫಂಕ್ಷನ್ ಇದೆ, ಅದರಲ್ಲಿ ಎಕ್ಸಿಟ್ 4 ಇದೆ, ಕರೆಯುವಾಗ ಯಾರೋ ಅದರ ಬಾಲಕ್ಕೆ ಪೈಪ್ ಹಾಕಿ ‘ಟೀ’ ಅನ್ನೋ ಕಮಾಂಡು ಕೊಟ್ಟಿದ್ದಾರೆ, ಲಾಗ್ ಫೈಲಿಗೆ ಬರೆಯಲಿ ಅಂತ. ಪೈಪ್ ಹಾಕಿದ ಕ್ಷಣ ಆ ಫಂಕ್ಷನ್ ಒಂದು ಮರಿ ಶೆಲ್ಲಿನಲ್ಲಿ ಓಡುತ್ತದೆ. ಎಕ್ಸಿಟ್ ಆಗುವುದು ಮರಿ ಮಾತ್ರ, ತಾಯಿ ಸ್ಕ್ರಿಪ್ಟು ಏನೂ ಆಗದ ಹಾಗೆ ಮುಂದೆ ಹೋಗುತ್ತದೆ. ಡಾಲರ್ ಹಾಕಿ ಕಂಸದೊಳಗೆ ಕರೆದರೂ ಇದೇ ಕಥೆ, ಪೈಪಿನಿಂದ ಓದುವ ‘ವೈಲ್’ ಲೂಪಿನ ಒಳಗೂ ಇದೇ ಕಥೆ. ನೀವು ಹೊರಗಿನಿಂದ ಟೆಸ್ಟ್ ಓಡಿಸುವಾಗ ಟೀ ಹಾಕಿದ್ದರೂ ಅಷ್ಟೇ, ‘$?’ ತೋರಿಸುವುದು ಟೀಯ ಫಲಿತಾಂಶ. ಬ್ಯಾಷಿನಲ್ಲಿ ‘ಸೆಟ್ -ಓ ಪೈಪ್‌ಫೇಲ್’ ಹಾಕಿದರೆ ತಪ್ಪಿದ ಕೋಡ್ ಹೊರಗೆ ಬರುತ್ತದೆ.

ಆಮೇಲೆ ಶೆಲ್ಲಿನ ಸಣ್ಣ ಸಣ್ಣ ಮೋಸಗಳು. ‘ಲೋಕಲ್’ ಅಂತ ಘೋಷಿಸಿದ ಸಾಲಿನಲ್ಲೇ ಕಮಾಂಡಿನ ಉತ್ತರ ತುಂಬಿಸಿದರೆ ‘$?’ ಯಾವಾಗಲೂ 0, ಯಾಕಂದರೆ ಅದು ಲೋಕಲ್‌ನ ಫಲಿತಾಂಶ, ಕಮಾಂಡಿನದ್ದಲ್ಲ. ಎರಡು ಸಾಲು ಮಾಡಿ ಬರೆಯಬೇಕು. ‘ಇಫ್’ ಮುಂದೆ ಆಶ್ಚರ್ಯ ಚಿಹ್ನೆ ಹಾಕಿ ಕಮಾಂಡ್ ಕೊಟ್ಟು, ಒಳಗೆ ‘$?’ ಹಿಡಿದುಕೊಂಡರೂ 0 ಸಿಗುತ್ತದೆ, ಉಲ್ಟಾ ಮಾಡಿದ ಮೇಲಿನ ಉತ್ತರ ಅದು.

ಸ್ಕ್ರಿಪ್ಟು ಮುಗಿಯುವಾಗ ತಾನಾಗೇ ಓಡುವ ಟ್ರ್ಯಾಪ್ ಕೂಡ ನೋಡಿ. ಕೊನೆಗೆ ಗುಡಿಸಿ ಸಾರಿಸಲು ಕ್ಲೀನಪ್ ಫಂಕ್ಷನ್ ಇಟ್ಟಿರುತ್ತಾರೆ. ಅದರ ಕೊನೆಯ ಸಾಲು ‘ಎಕ್ಸಿಟ್ $ರೆಟ್’ ಆಗಿದ್ದು, ರೆಟ್ ಮೊದಲಿಂದ 0 ಇದ್ದರೆ, ನೀವು ಕೊಟ್ಟ 4 ಅಲ್ಲಿ ಅಳಿಸಿಹೋಗುತ್ತದೆ. ಕ್ಲೀನಪ್‌ನಲ್ಲಿ ಎಕ್ಸಿಟ್ ಬರೆಯದೇ ಇದ್ದರೆ ಬ್ಯಾಷ್ ಹಳೇ ಕೋಡನ್ನೇ ಕಾಪಾಡಿಕೊಳ್ಳುತ್ತದೆ, ಸುಮ್ನೆ ಬಿಟ್ಟರೆ ಸಾಕು.

ಲಕ್ಷಣ: ಸ್ಕಿಪ್ ಆಗಬೇಕಿತ್ತು, ಫೇಲ್ ಆಯ್ತು

‘ನಾಟ್ ಓಕೆ’ ಸಾಲಿನ ಕೊನೆಗೆ ‘ಎಕ್ಸಿಟ್=’ ಅಂತ ಸಂಖ್ಯೆ ಇರುತ್ತದೆ. ಆ ಸಂಖ್ಯೆಯೇ ಅರ್ಧ ಉತ್ತರ.

127 ಅಂದರೆ ಕಮಾಂಡ್ ಸಿಗಲಿಲ್ಲ. ಸ್ಕ್ರಿಪ್ಟು ಸಾಧನ ಇದೆಯಾ ಅಂತ ನೋಡದೇ ಬಳಸಿದೆ. 126 ಅಂದರೆ ಫೈಲು ಇದೆ, ಓಡಿಸಲು ಅನುಮತಿ ಇಲ್ಲ. ಜಿಪ್ ಮಾಡಿ ಪೆನ್‌ಡ್ರೈವಿನಲ್ಲಿ ತಂದಾಗ ಇದು ಜಾಸ್ತಿ. 2 ಬಂದರೆ ಮೊದಲ ಸಾಲಿನಲ್ಲಿ ‘ಎಸ್‌ಎಚ್’ ಅಂತಿದ್ದು ಒಳಗೆ ಬ್ಯಾಷಿನ ಭಾಷೆ ಇದೆಯಾ ನೋಡಿ. ಡೆಬಿಯನ್, ಉಬುಂಟುವಿನಲ್ಲಿ ಎಸ್‌ಎಚ್ ಅಂದರೆ ಡ್ಯಾಷ್, ಅದಕ್ಕೆ ಜೋಡಿ ಚೌಕಾಕಾರದ ಕಂಸವೂ ಗೊತ್ತಿಲ್ಲ, ಅರೇಗಳೂ ಗೊತ್ತಿಲ್ಲ.

77 ಅಥವಾ 32 ಬಂದರೆ ಯಾರೋ ಬೇರೆ ಊರಿನ ನಾಣ್ಯ ಇಲ್ಲಿ ಚಲಾಯಿಸಿದ್ದಾರೆ ಅಂತ. ಆಟೋಮೇಕ್ ಅನ್ನೋ ಬಿಲ್ಡ್ ಸಾಧನದಲ್ಲಿ ಸ್ಕಿಪ್ಪಿಗೆ 77. ಎಲ್‌ಟಿಪಿ ಅನ್ನೋ ಇನ್ನೊಂದು ಲಿನಕ್ಸ್ ಟೆಸ್ಟು ಗುಂಪಿನಲ್ಲಿ ಸ್ಕಿಪ್ಪಿಗೆ ಟಿಕಾನ್ಫ್ ಅಂತ ಹೆಸರು, ಸಂಖ್ಯೆ 32. ಮತ್ತೆ ಎಲ್‌ಟಿಪಿಯಲ್ಲಿ 4 ಅಂದರೆ ಎಚ್ಚರಿಕೆ, ಸ್ಕಿಪ್ ಅಲ್ಲ. ಅಲ್ಲಿಂದ ಇಲ್ಲಿಗೆ ಟೆಸ್ಟ್ ತಂದು ಸಂಖ್ಯೆ ಬದಲಾಯಿಸದೇ ಇದ್ದರೆ ಹೀಗಾಗುತ್ತದೆ.

ಟೈಮ್‌ಔಟ್ ಬೇರೆ ವಿಷಯ. ಕೆಸೆಲ್ಫ್‌ಟೆಸ್ಟ್ ಒಂದು ಟೆಸ್ಟಿಗೆ ಸಾಮಾನ್ಯವಾಗಿ 45 ಸೆಕೆಂಡ್ ಕೊಡುತ್ತದೆ, ಮೀರಿದರೆ ಫೇಲ್. ಫೋಲ್ಡರಿನ ‘ಸೆಟ್ಟಿಂಗ್ಸ್’ ಫೈಲಿನಲ್ಲಿ ಇದನ್ನು ಬದಲಾಯಿಸಬಹುದು. ನಿಧಾನದ ಯಂತ್ರ ಅಂತ ಟೈಮ್‌ಔಟ್‌ ಅನ್ನು ಸ್ಕಿಪ್ ಮಾಡಿಬಿಡೋಣ ಅಂತ ಗೆಳೆಯ ಕೇಳಿದ. ಬೇಡ ಅಂದೆ. ಸಮಯ ಹೆಚ್ಚಿಸಿ ನೋಡು, ಆಗಲೂ ಮುಗಿಯದಿದ್ದರೆ ಅದು ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಅದು ಫೇಲೇ.

ಲಕ್ಷಣ: ಒಂದೇ ಸ್ಕ್ರಿಪ್ಟಿನಲ್ಲಿ ಹತ್ತು ಟೆಸ್ಟು, ಒಟ್ಟು ಫಲಿತಾಂಶ ನಂಬಲಾಗುತ್ತಿಲ್ಲ

ಹತ್ತರಲ್ಲಿ ಮೂರು ಸ್ಕಿಪ್, ಆರು ಪಾಸ್, ಒಂದು ಫೇಲ್. ಕೊನೆಗೆ ಯಾವ ಕೋಡ್ ಕೊಡಬೇಕು? ನನ್ನ ಲೆಕ್ಕ ಸರಳ. ಒಂದೇ ಒಂದು ಫೇಲ್ ಇದ್ದರೂ 1. ಫೇಲ್ ಇಲ್ಲ, ಒಂದಾದರೂ ಪಾಸಾಗಿದೆ ಅಂದರೆ 0, ಆದರೆ ಯಾವುದು ಗೈರು ಅಂತ ಒಳಗಿನ ಸಾಲಿನಲ್ಲಿ ಬರೆದಿರಬೇಕು. ಹತ್ತೂ ಗೈರಾದರೆ ಮಾತ್ರ 4.

ಹೇಳುವಷ್ಟು ಸುಲಭ ಇಲ್ಲ ಬರೆಯುವುದು. ನೆಟ್ ಫೋಲ್ಡರಿನ ಪಿಎಂಟಿಯು ಸ್ಕ್ರಿಪ್ಟಿನಲ್ಲಿ ಇದೇ ಲೆಕ್ಕ ಇತ್ತು. ಇಲ್ಲಿಯವರೆಗೆ ಎಲ್ಲ ಸ್ಕಿಪ್ ಆಗಿದ್ದು ಈಗ ಒಂದು ಪಾಸಾದರೆ ಮಾತ್ರ ಕೋಡನ್ನು 0 ಮಾಡು ಅಂತ ಉದ್ದೇಶ. ಆದರೆ ಷರತ್ತು ಬರೆಯುವಾಗ ‘[ $ಎಕ್ಸಿಟ್‌ಕೋಡ್=$ಕೆಎಸ್‌ಎಫ್‌ಟಿ_ಸ್ಕಿಪ್ ]’ ಅಂತ ಬರೆದಿದ್ದರು, ಸಮಚಿಹ್ನೆಯ ಎರಡೂ ಕಡೆ ಜಾಗ ಬಿಟ್ಟಿರಲಿಲ್ಲ. ಜಾಗ ಇಲ್ಲದಿದ್ದರೆ ಶೆಲ್ಲಿಗೆ ಅದು ಹೋಲಿಕೆಯೇ ಅಲ್ಲ, ಬರೀ ಒಂದು ಪದ. ಖಾಲಿ ಇಲ್ಲದ ಪದ ಅಂದರೆ ಶೆಲ್ಲಿಗೆ ಯಾವತ್ತೂ ನಿಜ. ಹಾಗಾಗಿ ಮೊದಲು ಎಷ್ಟು ಟೆಸ್ಟು ಬಿದ್ದಿದ್ದರೂ ಕೊನೆಯದ್ದು ಪಾಸಾದರೆ ಒಟ್ಟು ಪಾಸ್ ಅಂತ ಬರುತ್ತಿತ್ತು. ಆಮೇಲೆ ಸರಿಪಡಿಸಿದರು. ಎರಡು ಸ್ಪೇಸ್ ತಪ್ಪಿದ್ದಕ್ಕೆ ಇಷ್ಟು. ನಿಮ್ಮ ಸ್ಕ್ರಿಪ್ಟಿನಲ್ಲೂ ಚೌಕಾಕಾರದ ಕಂಸಗಳನ್ನು ಹುಡುಕಿ ಒಂದೊಂದೂ ನೋಡಿ. ಶೆಲ್‌ಚೆಕ್ ಅನ್ನೋ ಸಾಧನ ಇಂಥದ್ದನ್ನು ತಟ್ಟನೆ ತೋರಿಸುತ್ತದೆ, ನಾನು ಈಗ ಅದಿಲ್ಲದೆ ಶೆಲ್ ಬರೆಯುವುದಿಲ್ಲ.

ಲೆಕ್ಕ ಪರೀಕ್ಷಿಸುವ ಅಗ್ಗದ ದಾರಿ: ಸ್ಕ್ರಿಪ್ಟಿನ ಒಂದು ನಕಲು ಮಾಡಿಕೊಂಡು ಮೊದಲ ಟೆಸ್ಟನ್ನು ಬೇಕಂತಲೇ ಫೇಲ್ ಮಾಡಿಸಿ. ಒಟ್ಟು 1 ಬರಬೇಕು. ಆಮೇಲೆ ಎಲ್ಲವನ್ನೂ ಸ್ಕಿಪ್ ಮಾಡಿಸಿ, 4 ಬರಬೇಕು. ಐದು ನಿಮಿಷದ ಕೆಲಸ.

ಲಕ್ಷಣ: ಒಂಟಿಯಾಗಿ ಓಡಿಸಿದರೆ ಪಾಸ್, ಗುಂಪಿನಲ್ಲಿ ಸ್ಕಿಪ್

ಹಿಂದಿನ ಟೆಸ್ಟು ಎಂಜಲೆಲೆ ಎತ್ತದೇ ಹೋಗಿದೆ. ನೆಟ್‌ವರ್ಕ್ ನೇಮ್‌ಸ್ಪೇಸ್ (ಟೆಸ್ಟಿಗಾಗಿ ಮಾಡಿಕೊಂಡ ಪ್ರತ್ಯೇಕ ನೆಟ್‌ವರ್ಕ್) ಉಳಿದಿದೆಯಾ ಅಂತ ‘ಐಪಿ ನೆಟ್‌ಎನ್‌ಎಸ್’ ಹೊಡೆದು ನೋಡಿ, ಮಾಡ್ಯೂಲ್ ಕಚ್ಚಿಕೊಂಡಿದೆಯಾ ಅಂತ ‘ಎಲ್‌ಎಸ್‌ಮಾಡ್’ ನೋಡಿ. ಯಾವ ಟೆಸ್ಟು ಅಂತ ತಿಳಿಯಲು ಪಟ್ಟಿಯನ್ನು ಅರ್ಧ ಅರ್ಧ ಮಾಡಿ ಓಡಿಸುತ್ತಾ ಹೋಗಿ, ಪ್ರತಿ ಸಲ ಹೊಸದಾಗಿ ಬೂಟ್ ಮಾಡಿದ ವಿಎಂನಲ್ಲಿ. ಬೇಸರದ ಕೆಲಸ, ಬೇರೆ ದಾರಿ ನನಗಂತೂ ಸಿಕ್ಕಿಲ್ಲ.

ಶೆಲ್ ಅಲ್ಲದವು

ಸಿ ಭಾಷೆಯ ಟೆಸ್ಟಿನಲ್ಲಿ ‘ಯೋಜಿಸಿದ್ದಕ್ಕೂ ಓಡಿದ್ದಕ್ಕೂ ತಾಳೆಯಿಲ್ಲ’ ಅನ್ನುವ ಅರ್ಥದ ಸಾಲು ಬಂದರೆ, ಮೊದಲು ಹತ್ತು ಅಂತ ಹೇಳಿ ನಡುವೆ ಎಲ್ಲೋ ಲೆಕ್ಕಕ್ಕೆ ಬರೆಯದೇ ಎದ್ದು ಹೋಗಿದ್ದಾರೆ. ಬಿಟ್ಟ ಒಂದೊಂದಕ್ಕೂ ಸ್ಕಿಪ್ ಸಾಲು ಬರೆಯಬೇಕು. ಕರ್ನಲ್ ಒಳಗೇ ಓಡುವ ಟೆಸ್ಟುಗಳ ಚೌಕಟ್ಟಾದ ಕೆಯುನಿಟ್‌ನಲ್ಲಿ ಕರ್ನಲ್ 5.14ನೇ ಆವೃತ್ತಿಯಿಂದ ಸ್ಕಿಪ್ ಸೌಲಭ್ಯ ಇದೆ. ಅದರಲ್ಲಿ ‘ಕೆಯುನಿಟ್_ಸ್ಕಿಪ್’ ಅಲ್ಲೇ ಟೆಸ್ಟು ನಿಲ್ಲಿಸುತ್ತದೆ, ‘ಕೆಯುನಿಟ್_ಮಾರ್ಕ್_ಸ್ಕಿಪ್ಡ್’ ಗುರುತು ಹಾಕಿ ಮುಂದೆ ಓಡುತ್ತದೆ. ಎರಡನ್ನೂ ಒಂದೇ ಅಂದುಕೊಂಡರೆ ಇಲ್ಲದ ಹಾರ್ಡ್‌ವೇರ್ ಮುಟ್ಟಲು ಹೋಗಿ ಬೀಳುತ್ತೀರಿ. ಕರ್ನಲ್ ಫಂಕ್ಷನ್‌ಗಳ ಜಾಡು ಹಿಡಿಯುವ ಎಫ್‌ಟ್ರೇಸ್‌ನ ಟೆಸ್ಟುಗಳಲ್ಲಿ ಫೈಲಿನ ಮೇಲ್ಭಾಗದಲ್ಲೇ ಏನು ಬೇಕು ಅಂತ ‘ರಿಕ್ವೈರ್ಸ್’ ಸಾಲು ಇರುತ್ತದೆ, ಇಲ್ಲದಿದ್ದರೆ ‘ಅನ್‌ಸಪೋರ್ಟೆಡ್’ ಅನ್ನುತ್ತದೆ. ನನಗೆ ಈ ಪದ್ಧತಿ ಎಲ್ಲಕ್ಕಿಂತ ಇಷ್ಟ, ಓಡಿಸದೆಯೇ ಕಾರಣ ಗೊತ್ತಾಗುತ್ತದೆ ಅಲ್ವಾ.

ಎಲ್ಲಿ ನಿಲ್ಲಿಸಿ ಕೇಳಬೇಕು

ಕರ್ನಲ್ಲಿನ ಸಂದೇಶ ತೋರಿಸುವ ‘ಡಿಮೆಸ್ಗ್’ನಲ್ಲಿ ‘ಬಗ್’, ‘ಊಪ್ಸ್’, ‘ಕಾಲ್ ಟ್ರೇಸ್’ ಕಂಡರೆ ಅಲ್ಲಿಗೆ ನಿಲ್ಲಿಸಿ. ಆ ಬೂಟಿನಲ್ಲಿ ಮುಂದೆ ಬರುವ ಯಾವ ಫಲಿತಾಂಶಕ್ಕೂ ಬೆಲೆಯಿಲ್ಲ. ಲಾಗ್ ಉಳಿಸಿಕೊಂಡು ರೀಬೂಟ್ ಮಾಡಿ.

‘ಲಾಕ್‌ಡೌನ್’ ಅನ್ನೋ ಪದ ಕಂಡರೆ ಸೆಕ್ಯೂರ್ ಬೂಟ್ ತಡೆಯುತ್ತಿದೆ. ನಿಮ್ಮದೇ ಯಂತ್ರವಾದರೂ ಅದನ್ನು ಆಫ್ ಮಾಡುವ ಬದಲು ವಿಎಂನಲ್ಲಿ ಓಡಿಸಿ. ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಕೇಳದೇ ಮುಟ್ಟಲೇಬೇಡಿ.

ಕಾನ್ಫಿಗ್ ಇದೆ, ಮಾಡ್ಯೂಲ್ ಇದೆ, ಸಾಧನ ಹೊಸದು, ರೂಟ್ ಇದೆ, ಆದರೂ ‘ಸೌಲಭ್ಯ ಇಲ್ಲ’ ಅಂತ ಸ್ಕಿಪ್ ಆಗುತ್ತಿದ್ದರೆ ಅದು ನಿಮ್ಮ ತಪ್ಪಲ್ಲ ಅನ್ನಿಸುತ್ತದೆ. ಪರಿಶೀಲನೆಯೇ ಹಳತಾಗಿರಬಹುದು, ಇಲ್ಲವೇ ಕರ್ನಲ್ಲಿನ ಆ ಸೌಲಭ್ಯವೇ ಮುರಿದು, ಟೆಸ್ಟು ಅದನ್ನು ‘ಇಲ್ಲ’ ಅಂತ ತಿಳಿದಿರಬಹುದು. ಎರಡನೇದಾದರೆ ಅದು ಸ್ಕಿಪ್ಪಿನ ವೇಷ ಹಾಕಿದ ನಿಜವಾದ ಬಗ್. ಕರ್ನಲ್ ಮರದ ಸ್ಕ್ರಿಪ್ಟ್ಸ್ ಫೋಲ್ಡರಿನಲ್ಲಿ ‘ಗೆಟ್_ಮೇಂಟೇನರ್’ ಅನ್ನೋ ಪರ್ಲ್ ಫೈಲಿದೆ. ಟೆಸ್ಟಿನ ಫೈಲು ತೋರಿಸಿದರೆ ಯಾರನ್ನು ಕೇಳಬೇಕು ಅಂತ ಹೇಳುತ್ತದೆ. ಬರೆಯುವಾಗ ಯುನೇಮ್, ಕಾನ್ಫಿಗ್, ಹೊಡೆದ ಕಮಾಂಡು, ಪೂರ್ತಿ ಲಾಗು, ಎಕ್ಸಿಟ್ ಕೋಡ್ ಇವಿಷ್ಟೂ ಇರಲಿ. ಫೋನಿನಲ್ಲಿ ತೆಗೆದ ಪರದೆಯ ಫೋಟೋ ಬೇಡ.

ಗೆಳೆಯನ ಯಂತ್ರದಲ್ಲಿ ಈಗ ಉಳಿದಿರುವುದು ಎರಡೇ ಸ್ಕಿಪ್. ಎರಡಕ್ಕೂ ಬೇಕಾದ ನೆಟ್‌ವರ್ಕ್ ಕಾರ್ಡು ಆ ಲ್ಯಾಪ್‌ಟಾಪಿನಲ್ಲಿ ಇಲ್ಲ. ಅವನು ಅದನ್ನು ಪಟ್ಟಿಯಿಂದಲೇ ತೆಗೆದುಬಿಡಬೇಕು ಅಂತಿದ್ದ. ತೆಗೀಬೇಡ, ಕಾರಣದ ಜೊತೆ ಹಾಗೇ ಇರಲಿ, ಕಾರ್ಡು ಸಿಕ್ಕ ದಿನ ತಾನಾಗೇ ಓಡುತ್ತದೆ ಅಂದಿದ್ದೇನೆ. ಈಗ ಒಂದು ಸುತ್ತು ಮುಗಿಯಲು ಅವನಿಗೆ ಎರಡು ಚಾ ಸಾಲುವುದಿಲ್ಲವಂತೆ.